ಮನೆಗೊಂದೇ ಮೂಗು

ಬಾಳೆಹಣ್ಣಿನ ಸಿಪ್ಪೆ ಪೂರ್ತಿ ಕಪ್ಪಾಗಿದೆ, ಇಷ್ಟು ಕಪ್ಪಾದ ಹಣ್ಣಿಗೆ ವಾಸನೆ ಇಲ್ಲದಿರಲು ಸಾಧ್ಯವೇ ಇಲ್ಲ, ಜೇನಿನಂಥದ್ದು, ಸ್ವಲ್ಪ ಹುಳಿ ಹಿಡಿದದ್ದು, ಪಕ್ಕದ ಕೋಣೆಯವರೂ ಏನು ಮಾಡ್ತಿದ್ದೀಯೇ ಅಂತ ಕೇಳುವಂಥದ್ದು, ಅವಳು ಸಿಪ್ಪೆ ಸುಲಿದು ಹಣ್ಣನ್ನು ಮೂಗಿಗೆ ಒತ್ತಿಕೊಂಡಳು, ತಣ್ಣಗಿತ್ತು, ಜಿಗುಟಾಗಿತ್ತು, ಅಷ್ಟೇ, ತೊಳೆದ ಕಲ್ಲನ್ನು ಮೂಗಿಗೆ ಇಟ್ಟುಕೊಂಡ ಹಾಗೆ. ಹೋಗಲಿ. ಹಸಿಯದಕ್ಕಿಂತ ಬೆಂದದ್ದರ ಘಮ ಜೋರು, ಓವನ್ನಿನೊಳಗೆ ಹೋದ ಮೇಲೆ ಬಂದೀತು, ಬರಲೇಬೇಕು, ಇವತ್ತು ಬಾರದೆ ನಾಡಿದ್ದು ಬಂದು ಏನು ಪ್ರಯೋಜನ — ಹಣ್ಣುಗಳನ್ನು ಬೋಗುಣಿಗೆ ಹಾಕಿ ಕೈಯಿಂದಲೇ ಕಿವುಚಿದಳು, ಓಟ್ಸ್ ಸುರಿದಳು, ಅಳತೆಯಿಲ್ಲ, ಕೈಗೆ ಅಂಟುವುದನ್ನು ಬಿಡುವವರೆಗೆ, ಚಿಟಿಕೆ ಉಪ್ಪು, ಒಂದಿಷ್ಟು ಎಣ್ಣೆ, ಮುಗಿಯಿತು, ಇಷ್ಟು ಅಗ್ಗದ, ಇಷ್ಟು ಸುಲಭದ ಬಿಸ್ಕತ್ತು ಲೋಕದಲ್ಲಿ ಇನ್ನೊಂದಿಲ್ಲ, ಎಸೆಯಬೇಕಾದ ಹಣ್ಣು, ಡಬ್ಬಿಯ ತಳದಲ್ಲಿ ಉಳಿದ ಓಟ್ಸ್, ಮೊಟ್ಟೆ ಬೇಡ, ಬೆಣ್ಣೆ ಬೇಡ, ಅಮ್ಮ ನಗುತ್ತಿದ್ದಳು, ಇದು ಬಡವರ ಬಿಸ್ಕತ್ತಲ್ಲ ಕಣೇ, ಸೋಮಾರಿಗಳ ಬಿಸ್ಕತ್ತು. ಅಮ್ಮ ಒಂದು ವಸತಿಶಾಲೆಯ ಅಡುಗೆಮನೆಯಲ್ಲಿ ಜೀವ ಸವೆಸಿದವಳು, ಓಟ್ಸ್ ಚೀಲದ ತಳದ ಪುಡಿಯೆಲ್ಲ ಅವಳ ಪಾಲಿಗೆ ಬರುತ್ತಿತ್ತು, ಅಲ್ಲಿ ಗಡಿಯಾರ ಇರಲಿಲ್ಲ, ಇದ್ದಿದ್ದರೂ ಅಮ್ಮ ನೋಡುತ್ತಿರಲಿಲ್ಲ, ತಟ್ಟೆಯನ್ನು ಒಳಗಿಟ್ಟು ಬಂದು ಹೊಸ್ತಿಲ ಮೇಲೆ ಕೂರುವುದು, ಘಮ ಒಲೆಯಿಂದ ಹೊರಟು ಹೊಸ್ತಿಲು ಮುಟ್ಟಿತೋ, ಏಳು, ಆರಿಸು, ತೆಗೆ, ಅದಕ್ಕಿಂತ ಒಂದು ಉಸಿರು ಮೊದಲಾದರೆ ಹಸಿ, ಒಂದು ಉಸಿರು ತಡವಾದರೆ ಸೀದದ್ದು. ಮಗಳಿಗೂ ಅದನ್ನೇ ಕಲಿಸಿದಳು. ಕಣ್ಣನ್ನ ನಂಬಬೇಡ, ನಿನ್ನ ಮೂಗನ್ನ ನಂಬು ಅಂದಳು, ನಂಬಿದ್ದಾಯಿತಮ್ಮ, ಈಗ ಹೊಸ್ತಿಲ ಮೇಲೆ ಕೂತರೆ ಬರೀ ಹೊಸ್ತಿಲು.

ನಂಬಿದ್ದಷ್ಟೇ ಅಲ್ಲ, ಅದರಿಂದಲೇ ಅನ್ನ ತಿಂದದ್ದು, ಬಿಸ್ಕತ್ತು ಕಾರ್ಖಾನೆಯ ಪರೀಕ್ಷೆ ಕೋಣೆಯಲ್ಲಿ ಅವಳಿಗೆ ಮೂಗಮ್ಮ ಎಂದೇ ಹೆಸರು, ಎಣ್ಣೆ ಕಮಟಾಗಿದೆಯೋ ಇಲ್ಲವೋ, ಓಟ್ಸ್ ಮುಗ್ಗಿದೆಯೋ ಇಲ್ಲವೋ, ಮೂಗಮ್ಮ ಒಂದು ಸಲ ಮೂಸಿ ತಲೆಯಾಡಿಸಿದರೆ ಮುಗಿಯಿತು, ಡಬ್ಬಗಳು ಸಾಲಾಗಿ ಒಳಗೆ ಹೋಗುತ್ತಿದ್ದವು. ಗಂಡ ಸಿಕ್ಕಿದ್ದೂ ಮೂಗಿನಿಂದಲೇ, ಕಾರ್ಖಾನೆಯ ಗೋಡೆಗೆ ಬಣ್ಣ ಹೊಡೆಯಲು ಬಂದಿದ್ದವನು, ಏಣಿಯ ಮೇಲಿದ್ದ, ಇವಳು ಕೆಳಗಿಂದ ಹಾದುಹೋಗುತ್ತ ತಲೆಯೆತ್ತದೆ ಹೇಳಿದ್ದಳು, ಬಣ್ಣಕ್ಕೆ ಸೀಮೆಎಣ್ಣೆ ಬೆರೆಸಿದ್ದೀರಿ, ಅವನು ಏಣಿಯಿಂದ ಬೀಳುವುದೊಂದು ಬಾಕಿ. ಸಿಲಿಂಡರ್ ತರುವವನಂತೂ ಹೊಗಳಿ ಅಟ್ಟಕ್ಕೇರಿಸುತ್ತಾನೆ, ಅಕ್ಕಾ ನೀವಿದ್ರೆ ಸೋರಿಕೆ ನೋಡೋಕೆ ನಂಗೆ ಸೋಪಿನ ನೀರೇ ಬೇಡ, ಗ್ಯಾಸಿಗೆ ಅದರದ್ದೇ ಅಂತ ವಾಸನೆ ಇಲ್ಲ ಗೊತ್ತಾ, ಸೋರಿದ್ರೆ ಜನಕ್ಕೆ ತಿಳೀಲಿ ಅಂತ ಬೇಕಂತಲೇ ಕೊಳೆತ ನಾತ ಬೆರೆಸ್ತಾರೆ, ಬೇರೆಯವರ ಮೂಗಿಗೆ ಹತ್ತೋದ್ರೊಳಗೆ ನಿಮ್ಮ ಮೂಗಿಗೆ ಹತ್ತಿರುತ್ತೆ ಬಿಡಿ. ಥಿನ್ನರು, ಟರ್ಪೆಂಟೈನು ಕುಡಿದು ಗಂಡನ ಮೂಗು ಎಂದೋ ಸತ್ತಿದೆ, ಅತ್ತೆಯದಕ್ಕೆ ವಯಸ್ಸಾಯಿತು, ಇಲ್ಲದ ವಾಸನೆಯೆಲ್ಲ ಬರುತ್ತದೆ, ಈ ಮನೆಗೆ ಒಂದೇ ಮೂಗು ಅಂತ ಅವನು ಬಂದವರಿಗೆಲ್ಲ ಹೇಳಿಕೊಂಡು ಬೀಗುವುದು ಇನ್ನೂ ನಿಂತಿಲ್ಲ. ಆಮೇಲೆ ಆ ಜ್ವರ. ಬಂದಿತು, ಹೋಯಿತು, ಹೋಗುವಾಗ ಅದನ್ನೂ ಎತ್ತಿಕೊಂಡು ಹೋಯಿತು. ಮೊದಲ ದಿನ ಸೋಪು ಮೂಸಿದಳು, ಈರುಳ್ಳಿ ಮೂಸಿದಳು, ಗಂಡನ ಅಂಗಿಯಲ್ಲಿ ಮುಖ ಹುದುಗಿಸಿ ನಿಂತಳು, ಏನೂ ಇಲ್ಲ, ಅವನು ಅದನ್ನು ಪ್ರೀತಿ ಅಂದುಕೊಂಡು ಬೆನ್ನು ತಟ್ಟಿದ. ಆವತ್ತೇ ಹೇಳಬಹುದಿತ್ತು. ಹೇಳಲಿಲ್ಲ, ನಾಳೆ ಬರಬಹುದು ಅಂದುಕೊಂಡಳು, ಮರುದಿನವೂ ಅದನ್ನೇ ಅಂದುಕೊಂಡಳು, ಹೇಳದೆ ಬಿಟ್ಟ ದಿನಗಳು ಸೇರಿ ಸೇರಿ ಈಗ ಹೇಳುವುದಕ್ಕೇ ಬಾಯಿಲ್ಲದ ಹಾಗಾಯಿತು. ಪರೀಕ್ಷೆ ಕೋಣೆಯಲ್ಲಿ ಪಕ್ಕದ ಕುರ್ಚಿಯ ಗಿಣಿ ಇದ್ದಾಳೆ, ಮಾತು ನಿಲ್ಲಿಸದ ಹುಡುಗಿ, ಅವಳ ಹುಬ್ಬು ನೋಡಿಕೊಂಡರೆ ಸಾಕು, ಹುಬ್ಬು ಗಂಟಾದರೆ ಇವಳು ಕಮಟು ಅನ್ನುತ್ತಾಳೆ, ಗಂಟಾಗದಿದ್ದರೆ ತಲೆಯಾಡಿಸುತ್ತಾಳೆ, ಗಿಣಿಗೆ ನೆಗಡಿಯಾಗಿದ್ದ ದಿನ ಮಾತ್ರ ಕೆಟ್ಟ ಎಣ್ಣೆಯೊಂದು ಒಳಗೆ ಹೋಯಿತು, ಬಿಸ್ಕತ್ತು ವಾಪಸು ಬಂದವು, ಈಗ ಹೊಸ ಮ್ಯಾನೇಜರು ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಕೋಣೆಗೆ ಕರೆದು ಸೀಸೆ ಮೂಸಿಸುತ್ತಾನಂತೆ, ನಾಳೆ, ಗಿಣಿಯ ಹುಬ್ಬಿಲ್ಲದ ಕೋಣೆಯಲ್ಲಿ.

ಅದಕ್ಕೇ ಈ ಬಿಸ್ಕತ್ತು. ಹಸಿವಿಗಲ್ಲ, ಮೂಗಿಗೆ ಹಾಕುವ ಗಾಳ, ಹುಟ್ಟಿದಾಗಿನಿಂದ ಮೂಸಿದ ವಾಸನೆ ಇದು, ಯಾವುದು ಮರೆತರೂ ಮೂಗು ಇದನ್ನು ಮರೆಯಲಾರದು, ಪ್ರತಿ ರಜೆಯ ದಿನ ಮಾಡುತ್ತಿದ್ದಾಳೆ, ಗಂಡ ಕೇಳುತ್ತಾನೆ, ಏನೇ ಇದು, ಮನೇಲೂ ಬಿಸ್ಕತ್ತು ಕಾರ್ಖಾನೆ ಇಟ್ಟಿದ್ದೀಯಾ? ಉಂಡೆ ಮಾಡಿ ತಟ್ಟೆಯ ಮೇಲಿಟ್ಟು ಅಂಗೈಯಿಂದ ಒತ್ತಿದಳು, ಅಂಚು ಬಿರಿಯಿತು, ಬಿರಿಯಲಿ. ಓವನ್ನು ಹಳೆಯದು, ಮುಚ್ಚಿಹೋದ ಬೇಕರಿಯೊಂದರಿಂದ ಗಂಡ ಹೊತ್ತು ತಂದದ್ದು, ಯಾವುದೋ ಶಾಲೆಯ ಬೆಂಚಿಗೆ ಹೊಡೆದು ಮಿಕ್ಕ ಹಸಿರು ಬಣ್ಣವನ್ನು ಅದರ ಬಾಗಿಲಿಗೆ ಬಳಿದಿದ್ದಾನೆ, ಕೈಗೆ ಸಿಕ್ಕಿದ್ದಕ್ಕೆಲ್ಲ ಬಣ್ಣ ಬಳಿಯದಿದ್ದರೆ ಅವನಿಗೆ ನಿದ್ದೆ ಬಾರದು, ಮೊನ್ನೆ ಅಡುಗೆಮನೆಯ ಕಿಟಕಿಗೂ ಬಳಿದ, ಬಳಿದು ಹಸಿಯಿದ್ದಾಗಲೇ ಮುಚ್ಚಿದ, ಈಗ ಚೌಕಟ್ಟಿಗೆ ರೆಕ್ಕೆ ಅಂಟಿಕೊಂಡು ಕೂತಿದೆ, ಬಿಡಿಸಿಕೊಡಿ ಅಂದರೆ ನಾಳೆ ನಾಳೆ. ಓವನ್ನಿನ ಅಡಿಯಲ್ಲೊಂದು ತೂತು, ನಾಬ್ ತಿರುಗಿಸಿ ಬಗ್ಗಿ ಅದರೊಳಗೆ ಬೆಂಕಿಕಡ್ಡಿ ತೋರಿಸಬೇಕು, ತೋರಿಸಿದಳು, ಬುಸ್ಸೆಂದು ನೀಲಿ ಸಾಲು ಹತ್ತಿಕೊಂಡಿತು. ಮೊದಲೇ ಕಾಯಿಸುತ್ತ ಕೂತರೆ ಗ್ಯಾಸು ದಂಡ, ಅವಳು ಕೂಡಲೇ ಹಸಿರು ಬಾಗಿಲು ತೆರೆದು ತಟ್ಟೆ ಎತ್ತಿಕೊಂಡಳು, ಆಗಲೇ ಬಾಲ್ಕನಿಯ ಬಾಗಿಲು ಧಡ್ಡೆಂದು ಬಡಿಯಿತು, ಗಾಳಿ ಅಡುಗೆಮನೆಯನ್ನೆಲ್ಲ ಒಂದು ಸುತ್ತು ಹಾಕಿ ಓವನ್ನಿನ ಹೊಟ್ಟೆಗೂ ನುಗ್ಗಿತು, ಕ್ಯಾಲೆಂಡರ್ ಹಾರಿ ಬಿತ್ತು, ಒಳಗೆ ಅತ್ತೆಗೆ ಕೆಮ್ಮು ಶುರುವಾಯಿತು, ಬಂದೆ ಅತ್ತೆ, ಮುಚ್ಚಿದೆ ಅತ್ತೆ, ತಟ್ಟೆಯನ್ನು ಒಳಗೆ ತಳ್ಳಿ, ಹಸಿರು ಬಾಗಿಲು ಮುಚ್ಚಿ, ಓಡಿ ಬಾಲ್ಕನಿಯ ಬಾಗಿಲಿಗೆ ಚಿಲಕ ಹಾಕಿದಳು, ಅದರಡಿಗೆ ಹಳೆಯ ಟವೆಲ್ ತುರುಕಿದಳು, ಇನ್ನು ಒಂದು ಎಳೆ ಗಾಳಿಯೂ ನುಸುಳದು. ತೂತಿನೊಳಗೆ ಮತ್ತೆ ಬಗ್ಗಿ ನೋಡಲಿಲ್ಲ. ಓವನ್ನು ಬುಸುಗುಡುತ್ತಲೇ ಇತ್ತು, ಯಾವಾಗಲೂ ಬುಸುಗುಡುತ್ತದೆ.

ಹೊರಗೆ ಬೆಳಕು ಕರಗುತ್ತಿದೆ, ದೀಪ ಹಾಕಬೇಕು, ಇರಲಿ, ಇನ್ನೂ ಕಾಣುತ್ತದೆ, ಕೈಯೆಲ್ಲ ಓಟ್ಸ್, ಸ್ವಿಚ್ಚಿಗೂ ಮೆತ್ತಿಕೊಳ್ಳುತ್ತದೆ. ಗಂಡ ಬರುವ ಹೊತ್ತು. ಅವನು ಬರುವುದು ಮೊದಲು ಕಿವಿಗೆ, ಅಂಗಿಯ ಜೇಬಿನ ಬೆಂಕಿಪೊಟ್ಟಣ ಮೆಟ್ಟಿಲು ಮೆಟ್ಟಿಲಿಗೂ ಗಲಗಲ ಅನ್ನುತ್ತದೆ, ಆಮೇಲೆ ಕಣ್ಣಿಗೆ, ಮೆಟ್ಟಿಲ ಮೇಲಿನ ದೀಪ ಸುಟ್ಟುಹೋಗಿ ಎಷ್ಟು ಕಾಲವಾಯಿತೋ, ಮನೆ ಮಾಲೀಕ ಹಾಕಿಸುವುದಿಲ್ಲ, ನಾನ್ಯಾಕೆ ಹಾಕಿಸಲಿ ಅಂತ ಇವನೂ ಹಾಕಿಸುವುದಿಲ್ಲ, ಇಬ್ಬರ ಹಠದ ನಡುವೆ ಬಾಗಿಲ ಮುಂದೆ ಸದಾ ಕತ್ತಲೆ, ಕತ್ತಲೆಯಲ್ಲಿ ಬೀಗದ ತೂತು ಸಿಗದೆ ಅವನು ಕಡ್ಡಿ ಗೀರುತ್ತಾನೆ, ಚರ್ರ್, ಒಳಗೆ ಕತ್ತಲಾದ ನಡುಮನೆಯಲ್ಲಿ ನಿಂತವರಿಗೆ ಬೀಗದ ತೂತಿನಲ್ಲೊಂದು ಹಳದಿ ಚುಕ್ಕೆ ಹೊತ್ತಿಕೊಳ್ಳುವುದು ಕಾಣುತ್ತದೆ. ಮದುವೆಯಾದ ಹೊಸತರಲ್ಲಿ ಅವಳು ಅದಕ್ಕಾಗಿಯೇ ದೀಪ ಹಾಕದೆ ಕಾದು ಕೂರುತ್ತಿದ್ದಳು, ಚುಕ್ಕೆ ಮೂಡಿತು, ಬಂದ, ಎದೆಯೊಳಗೆ ಏನೋ ಸಡಿಲವಾಗುತ್ತಿತ್ತು, ಯಾರಿಗೂ ಹೇಳಿಲ್ಲ ಇದನ್ನು, ಹೇಳಿದರೆ ನಗುತ್ತಾರೆ, ಬಲ್ಬ್ ಹಾಕಿಸಿ ಅಂತ ಅವಳು ಜೋರು ಮಾಡದೆ ಇರುವುದಕ್ಕೆ ಕಾರಣ ಅದೇ, ಬಲ್ಬ್ ಬಂದರೆ ಚುಕ್ಕೆ ಹೋಗುತ್ತದೆ. ಈಗ ಇವನಿಗೆ ಕೆಲಸವೂ ಕಡಿಮೆ, ಚಳಿಗೆ ಗೋಡೆ ಒಣಗುವುದಿಲ್ಲ, ಯಾರೂ ಕರೆಯುವುದಿಲ್ಲ, ಅವಳ ಸಂಬಳದಲ್ಲೇ ಅತ್ತೆಯ ಔಷಧಿ, ಅವಳ ಸಂಬಳದಲ್ಲೇ ಬಾಡಿಗೆ, ಮೂಗಿಲ್ಲದ ಮೂಗಮ್ಮನಿಗೆ ಯಾರು ಕೊಡುತ್ತಾರೆ ಸಂಬಳ, ನಾಳೆ ಸಂಜೆ ಇವನು ಕಡ್ಡಿ ಗೀರಿ ಒಳಗೆ ಬಂದಾಗ ಏನಂತ ಹೇಳುವುದು, ರೀ, ನನ್ನನ್ನ ತೆಗೆದುಬಿಟ್ರು, ಯಾಕೆ, ಹೀಗೆ, ಯಾವಾಗಿನಿಂದ, ಜ್ವರ ಬಂದಾಗಿನಿಂದ, ಇಷ್ಟು ದಿನ ನಾಟಕ ಆಡಿದ್ಯಾ — ಅವನು ಬಯ್ಯುವುದಿಲ್ಲ, ಅದೇ ಕಷ್ಟ, ನೋಡುತ್ತಾನೆ, ಸೀಮೆಎಣ್ಣೆ ಬೆರೆಸಿದ್ದನ್ನು ಕಂಡುಹಿಡಿದವಳನ್ನು ಹುಡುಕುವ ಹಾಗೆ ನೋಡುತ್ತಾನೆ.

ಟಣ್ ಟಣ್ ಟಣ್. ಅತ್ತೆ ಚಮಚದಿಂದ ಲೋಟ ಬಡಿಯುತ್ತಿದ್ದಾರೆ, ಸೊಂಟ ಮುರಿದು ಮಲಗಿದಾಗಿನಿಂದ ಅವರ ಕರೆಗಂಟೆ ಅದು, ನೆಲದ ಮೇಲೇ ಹಾಸಿಗೆ, ಮಂಚದಿಂದ ಒಮ್ಮೆ ಬಿದ್ದ ಮೇಲೆ ಮಂಚ ಬೇಡ ಅಂದುಬಿಟ್ಟರು. ಏನತ್ತೆ. ಏನೋ ವಾಸನೆ ಕಣಮ್ಮ. ಬಿಸ್ಕತ್ತು ಅತ್ತೆ, ಬಾಳೆಹಣ್ಣಿನದ್ದು, ಘಮ್ ಅಂತಿದೆ ಅಲ್ವಾ, ಅಂದಳು, ಎಷ್ಟು ಸಲೀಸಾಗಿ ಬರುತ್ತದೆ ಈಗ ಈ ಮಾತು. ಬಿಸ್ಕತ್ತಲ್ಲ ಕಣೇ, ಕೊಳೆತ ವಾಸನೆ, ಎಲೆಕೋಸು ಕೊಳೆತ ಹಾಗೆ, ನಿನಗೆ ಬರ್ತಿಲ್ವಾ? ಅವಳು ಕೈ ಒರೆಸುತ್ತಿದ್ದವಳು ನಿಂತಳು. ನಿನಗೆ ಬರ್ತಿಲ್ವಾ. ಬೇಕಂತಲೇ ಕೇಳಿದ ಪ್ರಶ್ನೆ ಇದು, ಮುದುಕಿ ಪರೀಕ್ಷೆ ಮಾಡುತ್ತಿದ್ದಾರೆ, ನಿನ್ನೆಯೂ ಮಾಡಿದ್ದರು, ಇಲ್ಲಿಂದಲೇ ಕೂಗಿದ್ದರು, ಹಾಲು ಸೀದುಹೋಗ್ತಿದೆ ನೋಡೇ, ಅವಳು ಬಟ್ಟೆ ಮಡಚುತ್ತಿದ್ದವಳು ತಲೆಯೆತ್ತದೆ, ಹೌದತ್ತೆ, ನಂಗೂ ಬಂತು, ಈಗ ಆರಿಸಿದೆ ಅಂದಳು, ಒಲೆಯ ಮೇಲೆ ಹಾಲೇ ಇರಲಿಲ್ಲ. ಅತ್ತೆ ಆಮೇಲೆ ಮೆಲ್ಲಗೆ ಅಂದದ್ದು, ನೀನು ಅಡುಗೆಮನೆ ಕಡೆ ಹೋಗೇ ಇಲ್ಲವಲ್ಲಮ್ಮ. ಗೊತ್ತಾಗಿದೆ ಇವರಿಗೆ, ಇಲ್ಲದ ವಾಸನೆ ಹೇಳಿ ಬಲೆ ಬೀಸುವುದು, ಇವಳು ಹೂಂ ಅಂದರೆ ಸಿಕ್ಕಿಬಿದ್ದಳು, ಉಹೂಂ ಅಂದರೂ ಸಿಕ್ಕಿಬಿದ್ದಳು, ಮಗ ಬಂದ ಕೂಡಲೇ ಕಿವಿಯಲ್ಲಿ ಊದುವುದು. ಕೆಟ್ಟವರಲ್ಲ ಅತ್ತೆ, ಮಲಗಿದಲ್ಲೇ ಮಲಗಿ ಹೊತ್ತು ಹೋಗುವುದಿಲ್ಲ, ಆದರೂ ಸಿಟ್ಟು ಬಂತು. ಜಾಣತನದಿಂದ ಉತ್ತರ ಕೊಟ್ಟಳು, ಸ್ವಲ್ಪ ಬರ್ತಿದೆ ಅತ್ತೆ, ತರಕಾರಿ ಬುಟ್ಟಿಯಲ್ಲಿ ಏನೋ ಕೆಟ್ಟಿರಬೇಕು, ನೋಡ್ತೀನಿ ಇರಿ. ಬುಟ್ಟಿ ನೋಡಿದಳು, ಎಲೆಕೋಸೇ ಇಲ್ಲ, ನಾಲ್ಕು ಆಲೂಗಡ್ಡೆ, ಗಟ್ಟಿಯಾಗಿವೆ, ಕಸದ ಬುಟ್ಟಿಯ ಮುಚ್ಚಳ ತೆಗೆದು ಸದ್ದಾಗುವಂತೆ ಮತ್ತೆ ಮುಚ್ಚಿದಳು, ಆ ಕೋಣೆಗೆ ಕೇಳಿಸಲಿ ಅಂತ, ಕೆಟ್ಟ ಟೊಮೇಟೊ ಇತ್ತತ್ತೆ, ಎಸೆದೆ, ಈಗ ಸರಿಹೋಯ್ತಲ್ವಾ? ಇನ್ನೂ ಬರ್ತಿದೆ ಕಣೇ, ಜಾಸ್ತಿಯಾಗ್ತಿದೆ, ತಲೆ ಸುತ್ತುತ್ತೆ, ಆ ಕಿಟಕಿಯಾದ್ರೂ ತೆಗಿ. ಕಿಟಕಿಯದ್ದೇ ಬಣ್ಣದ ವಾಸನೆ ಅತ್ತೆ ಅದು, ನಿಮ್ಮ ಮಗ ಬಳಿದದ್ದು, ಒಣಗಿಲ್ಲ. ತನ್ನ ಉತ್ತರಕ್ಕೆ ತಾನೇ ಮೆಚ್ಚಿಕೊಂಡಳು.

ಬಿಸ್ಕತ್ತು ಇನ್ನೂ ಬಣ್ಣ ತಿರುಗಿಲ್ಲ, ಓವನ್ನಿನ ಗಾಜು ಮಸಿ ಹಿಡಿದಿದೆ, ಆದರೂ ಬೆಂದದ್ದು ಕಂದಾಗಿ ಕಾಣಬೇಕು, ಇದು ಬೆಳ್ಳಗೇ ಇದೆ, ಇವತ್ತು ಓವನ್ನಿಗೂ ಸೋಮಾರಿತನ, ಸಿಲಿಂಡರ್ ಮುಗಿಯುತ್ತ ಬಂದಿರಬೇಕು, ಉರಿ ಸಾಲದು, ನಾಬನ್ನು ಪೂರ್ತಿ ತಿರುಗಿಸಿದಳು, ಬುಸುಗುಡುವುದು ಜೋರಾಯಿತು, ಹಾಂ, ಹಾಗೆ. ಕಾಲು ಸೋತಂತಾಗಿ ಓವನ್ನಿನ ಪಕ್ಕ ನೆಲದ ಮೇಲೇ ಕೂತಳು, ಗೋಡೆಗೆ ಒರಗಿದಳು, ತಣ್ಣಗಿನ ನೆಲ, ಹಿತವಾಗಿದೆ. ನಾಳೆ ಸೀಸೆಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಮೊದಲು ಯಾವುದು ಕೊಡುತ್ತಾರೆ, ಎಣ್ಣೆಯದೇ ಇರಬಹುದು, ಕಮಟಾದ ಎಣ್ಣೆ ಸೀಸೆಯ ಗೋಡೆಗೆ ಸ್ವಲ್ಪ ಹೆಚ್ಚು ಅಂಟುತ್ತದೆ, ಅಲ್ಲಾಡಿಸಿ ನೋಡಿದರೆ ತಿಳಿಯಬಹುದು, ಮ್ಯಾನೇಜರನ ಮುಖ ನೋಡಬೇಕು, ಗಿಣಿಯದಷ್ಟು ಬಾಯಿಬಡುಕ ಮುಖವಲ್ಲ ಅವನದು, ಮರದ ಹಲಗೆ, ಹಲಗೆಗೂ ಎಲ್ಲೋ ಒಂದು ಬಿರುಕು ಇರುತ್ತದೆ, ಹುಡುಕಬೇಕು — ಹಣೆಯ ಹಿಂದೆ ಯಾರೋ ಹೆಬ್ಬೆರಳಿಂದ ಒತ್ತುತ್ತಿದ್ದಾರೆ, ಮಧ್ಯಾಹ್ನ ಸರಿಯಾಗಿ ಉಣ್ಣಲಿಲ್ಲ, ಅದಕ್ಕೇ. ಕಿವಿಯಲ್ಲಿ ಗುಂಯ್ ಅಂತಿದೆ. ಅವಳು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡಳು, ಮೂಗಿನ ತುದಿಯಿಂದ ಹಣೆಯವರೆಗೆ, ಅಮ್ಮ ಕಲಿಸಿದ ಹಾಗೆ, ಇನ್ನೊಮ್ಮೆ, ಇನ್ನೊಮ್ಮೆ — ಏನೋ ಇದೆ. ಇದೆ. ವಾಸನೆಯಲ್ಲ, ವಾಸನೆಯ ಹಿಂದಿನ ಭಾರ, ಸಿಹಿಯಾದ ಒಂದು ಭಾರ, ಗಂಟಲಲ್ಲಿ, ತಲೆಯಲ್ಲಿ, ಇಷ್ಟು ದಿನ ಇರಲಿಲ್ಲ ಇದು, ಬರುತ್ತಿದೆ, ಮೂಗು ಬರುತ್ತಿದೆ, ದೂರದ ಊರಿನಿಂದ ನಡೆದುಕೊಂಡು ಬರುವವರ ಹಾಗೆ ಮೆಲ್ಲಗೆ ಬರುತ್ತಿದೆ, ಅವಳಿಗೆ ಖುಷಿಗೆ ಅಳು ಬಂತು, ಇನ್ನಷ್ಟು ಎಳೆದುಕೊಂಡಳು, ಅಮ್ಮ ಹೊಸ್ತಿಲ ಮೇಲೆ ಕೂತಿದ್ದಾಳೆ, ಸೆರಗಿಗೆ ಕೈ ಒರೆಸುತ್ತ, ಬಂತೇನೇ, ಬಂತಮ್ಮ, ಇನ್ನು ಸ್ವಲ್ಪ, ಹೊಸ್ತಿಲು ಮುಟ್ಟಲಿ ಇರು. ಟಣ್. ಒಳಗೆ ಅತ್ತೆಯ ಲೋಟ, ಒಂದೇ ಸಲ, ಸೋತ ಕೈಯ ಸದ್ದು, ಇರಿ ಅತ್ತೆ ಬಂದೆ, ಬಾಯಲ್ಲಿ ಅಂದಳೋ ಮನಸ್ಸಲ್ಲಿ ಅಂದಳೋ. ಟಣ್. ಆಮೇಲೆ ಚಮಚ ನೆಲಕ್ಕೆ ಬಿದ್ದ ಸದ್ದು, ಮತ್ತೆ ಏನೂ ಇಲ್ಲ, ಸದ್ಯ, ಮಲಗಿದರು ಮುದುಕಿ, ನಿದ್ದೆ ಹತ್ತಿತು, ಇನ್ನು ಪ್ರಶ್ನೆ ಇಲ್ಲ.

ಎಷ್ಟು ಹೊತ್ತು ಕೂತಿದ್ದಳೋ, ಅಡುಗೆಮನೆ ಕಪ್ಪಾಗಿದೆ, ಏಳಬೇಕು, ಬೆಂದಿರುತ್ತದೆ, ಸೀದೂ ಹೋಗಿರಬಹುದು, ಓವನ್ನಿನ ಅಂಚು ಹಿಡಿದು ಎದ್ದಳು, ಮೊಣಕಾಲು ತನ್ನದಲ್ಲದ ಹಾಗೆ ಅಲುಗಿತು, ಮಸಿಬಟ್ಟೆ ಎಲ್ಲಿಟ್ಟೆ, ಕತ್ತಲೆಯಲ್ಲಿ ಕಾಣದು, ಸೆರಗಿನಲ್ಲೇ ಹಿಡಿಯೋಣ ಅಂತ ಹಸಿರು ಬಾಗಿಲು ತೆರೆದಳು, ಸೆರಗು ಜಾರಿತು, ಬೆರಳು ನೇರವಾಗಿ ತಟ್ಟೆಗೆ ತಾಗಿತು, ಕೈ ಹಿಂದಕ್ಕೆ ಎಳೆದುಕೊಂಡಳು, ಸುಡಲಿಲ್ಲ. ಮತ್ತೆ ಮುಟ್ಟಿದಳು. ತಣ್ಣಗಿದೆ. ಬಿಸ್ಕತ್ತು ಮುಟ್ಟಿದಳು, ಹಸಿ, ಒದ್ದೆ, ತನ್ನ ಬೆರಳಿನ ಗುರುತು ಮೂಡುತ್ತದೆ. ಉರಿಯೇ ಇಲ್ಲವಲ್ಲ, ಆರಿಹೋಯಿತೇ, ಯಾವಾಗ, ಬಗ್ಗಿ ತೂತಿನೊಳಗೆ ನೋಡಿದಳು, ನೀಲಿ ಸಾಲಿಲ್ಲ, ಕಪ್ಪು, ಬುಸುಗುಡುವುದು ಮಾತ್ರ ಇದೆ. ಅಯ್ಯೋ ಇಷ್ಟೇನಾ, ಮತ್ತೆ ಹಚ್ಚಿದರಾಯಿತು, ಕೈ ತಾನಾಗಿಯೇ ಕಟ್ಟೆಯ ಮೇಲಿನ ಬೆಂಕಿಪೊಟ್ಟಣಕ್ಕೆ ಹೋಯಿತು, ಒಂದು ಕಡ್ಡಿ ತೆಗೆಯಿತು, ಪೊಟ್ಟಣದ ಬದಿಗೆ ಇಟ್ಟಿತು — ಕೆಳಮನೆಯಾಕೆ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಪಾತ್ರೆ ಉಜ್ಜುತ್ತಿದ್ದಳು, ಯಾಕೆ ಈಗ ಅದು ನೆನಪಾಗಬೇಕು, ತಳ ಇದ್ದಿಲಿನ ಹಾಗೆ ಕಪ್ಪಾಗಿತ್ತು, ತೆಂಗಿನ ನಾರು ಹಿಡಿದು ಉಜ್ಜಿದ್ದೇ ಉಜ್ಜಿದ್ದು, ಇವಳು ದಾಟಿಕೊಂಡು ಇಳಿಯುವಾಗ ಆಕೆ ಮುಖವೆತ್ತಿ ಅಂದಿದ್ದಳು, ನಿನ್ನೆ ಹಾಲಿಟ್ಟು ಮರೆತೇಬಿಟ್ಟೆ ನೋಡಿ ಅಕ್ಕಾ, ಮನೆಯೆಲ್ಲ ಸೀದ ವಾಸನೆ, ನಿಮ್ಮಲ್ಲಿಗೂ ಬಂದಿರ್ಬೇಕಲ್ಲ. ಹಾಲು. ನಿನ್ನೆ. ಅತ್ತೆ ಬಲೆ ಬೀಸಿರಲಿಲ್ಲ, ಅತ್ತೆಯ ಮೂಗಿಗೆ ಹಾಲು ಸೀದದ್ದು ಬಂದಿತ್ತು, ಒಂದು ಮಹಡಿ ಕೆಳಗಿನದು ಬಂದಿತ್ತು, ಹಾಸಿಗೆಯಿಂದಲೇ. ಅತ್ತೆಯ ಮೂಗು ಸರಿಯಾಗಿಯೇ ಇದೆ. ಎಲೆಕೋಸು ಕೊಳೆತ ಹಾಗೆ. ಬೇಕಂತಲೇ ಕೊಳೆತ ನಾತ ಬೆರೆಸ್ತಾರೆ ಅಕ್ಕಾ, ಜನಕ್ಕೆ ತಿಳೀಲಿ ಅಂತ. ಈ ಮನೆಯಲ್ಲಿ ಇದ್ದ ಒಂದೇ ಮೂಗು ಅದು, ಕೂಗಿ ಕೂಗಿ ಹೇಳಿತು, ಅವಳು ಕಸದ ಬುಟ್ಟಿ ಬಡಿದು ತೋರಿಸಿದಳು. ಕಡ್ಡಿ ಇನ್ನೂ ಪೊಟ್ಟಣಕ್ಕೆ ಒತ್ತಿಕೊಂಡೇ ಇದೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಕಡ್ಡಿ ನೆಲಕ್ಕೆ ಬಿತ್ತು, ಬಿದ್ದ ಸದ್ದಿಗೂ ಹೆದರಿದಳು.

ನಾಬ್ ಮುಚ್ಚಿದಳು, ಬುಸುಗುಡುವುದು ನಿಂತಿತು, ನಿಂತ ಮೇಲೆಯೇ ಗೊತ್ತಾಯಿತು ಅದು ಎಷ್ಟು ದೊಡ್ಡದಾಗಿತ್ತು ಎಂದು. ಸ್ವಿಚ್ ಮುಟ್ಟಬಾರದು, ದೀಪ ಬೇಡ, ಕಿಟಕಿ, ಕಿಟಕಿಯನ್ನು ಎರಡೂ ಕೈಯಿಂದ ತಳ್ಳಿದಳು, ಭುಜ ಕೊಟ್ಟು ತಳ್ಳಿದಳು, ಬಣ್ಣ ಹಿಡಿದುಕೊಂಡಿದೆ, ಅವನ ಬಣ್ಣ, ಮಿಸುಕದು, ಬಾಲ್ಕನಿ ಬಾಗಿಲು, ಟವೆಲ್, ಚಿಲಕ, ನಡುಮನೆಯ ಆಚೆಗಿದೆ, ಅತ್ತೆ ಮೊದಲು, ಇಲ್ಲ ಬಾಗಿಲು ಮೊದಲು, ಅತ್ತೇ, ಅಂದಳು, ಕೋಣೆಯಿಂದ ಸದ್ದಿಲ್ಲ, ಅತ್ತೇ, ನೆಲದ ಮೇಲಿನ ಹಾಸಿಗೆ, ಗ್ಯಾಸು ನೆಲಕ್ಕೇ ಇಳಿದು ಕೂರುತ್ತದೆ ಅಂತ ಅವನು ಹೇಳಿದ್ದ, ಸಿಲಿಂಡರ್ ತರುವವನು, ನೀರಿನ ಹಾಗೆ ತಗ್ಗು ಹುಡುಕುತ್ತೆ ಅಕ್ಕಾ. ಗೋಡೆ ಹಿಡಿದುಕೊಂಡು ನಡುಮನೆಗೆ ಬಂದಳು, ನಡುಮನೆ ಪೂರ್ತಿ ಕತ್ತಲೆ, ಎದುರಿಗೆ ಮುಂಬಾಗಿಲು ಇರಬೇಕು, ಬಲಕ್ಕೆ ಅತ್ತೆಯ ಕೋಣೆ, ಎಡಕ್ಕೆ ಬಾಲ್ಕನಿ, ಕಾಲು ಯಾವ ಕಡೆಗೂ ಏಳದು, ಮತ್ತೆ ಆಗಲೇ ಕೇಳಿಸಿತು, ಕೆಳಗಿನಿಂದ, ಗಲಗಲ, ಒಂದು ಮೆಟ್ಟಿಲು, ಗಲಗಲ, ಇನ್ನೊಂದು ಮೆಟ್ಟಿಲು, ಬಂದ, ಅವಸರವಿಲ್ಲದೆ ಬರುತ್ತಿದ್ದಾನೆ, ಏನೋ ಗುನುಗುತ್ತಿದ್ದಾನೆ, ಇವತ್ತು ಎಲ್ಲೋ ಕೆಲಸ ಸಿಕ್ಕಿದೆ, ಕೆಲಸ ಸಿಕ್ಕ ದಿನ ಮಾತ್ರ ಗುನುಗುತ್ತಾನೆ. ಕೂಗಬೇಕು. ರೀ, ಕಡ್ಡಿ ಗೀರಬೇಡಿ, ಅಷ್ಟೇ, ಮೂರೇ ಮಾತು, ಕೂಗು. ಕೂಗಿದರೆ ಯಾಕೆ ಅನ್ನುತ್ತಾನೆ, ಗ್ಯಾಸು, ಮನೆಯೆಲ್ಲ ಗ್ಯಾಸು, ಮನೆ ತುಂಬುವವರೆಗೆ ನಿನಗೆ ಗೊತ್ತಾಗಲಿಲ್ವಾ, ನಿನಗೆ, ನಿನ್ನ ಮೂಗಿಗೆ — ಮಲಗಿಬಿಟ್ಟಿದ್ದೆ ಅನ್ನಬಹುದು, ತಲೆನೋವಿತ್ತು, ಹಾಗೇ ಕಣ್ಣು ಹತ್ತಿತು, ಆದರೆ ಅತ್ತೆ ಹೇಳಿಬಿಡುತ್ತಾರೆ, ಎರಡು ಸಲ ಕರೆದೆ, ಉತ್ತರ ಕೊಟ್ಟಳು ಅಂತ, ಹೇಳುತ್ತಾರೆಯೇ, ಹೇಳಲಿ, ಹೇಳುವ ಹಾಗಿರಲಿ ದೇವರೇ, ಹಾಗಾದರೆ ನೆಗಡಿ ಅನ್ನೋಣ, ಇವತ್ತೇ ಶುರುವಾದ ನೆಗಡಿ, ಹೌದು, ನೆಗಡಿ ಸರಿ, ನೆಗಡಿಯಾದರೆ ನಾಳೆಗೂ ಆಗುತ್ತದೆ, ಮ್ಯಾನೇಜರಿಗೂ ಅದನ್ನೇ ಹೇಳಬಹುದು — ಎಂಥ ಹೆಣ್ಣು ನಾನು, ಕೂಗು, ಮೊದಲು ಕೂಗು — ಗಲಗಲ ನಿಂತಿತು. ಬಾಗಿಲ ಆಚೆ ಅವನ ಉಸಿರು, ಕೀಲಿಕೈ ಗೊಂಚಲು, ಅವಳು ಬಾಯಿ ತೆರೆದಳು, ಒಣಗಿದ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು, ರೀ ಅನ್ನುವುದು ಗಂಟಲಲ್ಲೇ, ಜೇಬಿನಿಂದ ಪೊಟ್ಟಣ ತೆಗೆದ ಸದ್ದು, ಪೊಟ್ಟಣ ತೆರೆದ ಸದ್ದು, ಚರ್ರ್ ಅಂತು, ಬೀಗದ ತೂತಿನಲ್ಲಿ ಹಳದಿ ಚುಕ್ಕೆ, ಕತ್ತಲೆಯಲ್ಲಿ ಅದೊಂದೇ, ಬೀಗದ ತೂತಿನಲ್ಲಿ ಹಳದಿ ಚುಕ್ಕೆ, ಹಳದಿ ಚುಕ್ಕೆ